ಗರಿಕೆಯ ಗೇಣಗಲ ನೆಲ

ಹೊಸ ಕಾರು ನಿಲ್ಲಿಸಲೆಂದು ವನಜಾಕ್ಷಮ್ಮ ಮನೆ ಮುಂದಿನ ಕೈತೋಟವನ್ನೆಲ್ಲ ಕಿತ್ತು, ಹೊಸ್ತಿಲ ಮಟ್ಟಕ್ಕೆ ಕಾಂಕ್ರೀಟ್ ಹಾಕಿಸಿದರು. ಪೂಜೆಗೆ ಬೇಕಲ್ಲ ಎಂದು ಕಾಂಪೌಂಡಿನ ಮೂಲೆಯಲ್ಲಿ ಗರಿಕೆಗೆ ಗೇಣಗಲ ಮಣ್ಣು ಉಳಿಸಿದರು.

"ಪಾಪ, ದೇವರ ಹೆಸರಲ್ಲಿ ಬದುಕಿಕೊಂಡೆ," ಎಂದಿತು ಕಾಂಕ್ರೀಟು. "ನನ್ನನ್ನು ನೋಡು, ಒಂದು ಹನಿ ನೀರನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ."

ಗರಿಕೆ ತಲೆ ತಗ್ಗಿಸಲಿಲ್ಲ. "ನಾನು ಬಿಟ್ಟುಕೊಳ್ಳುತ್ತೇನೆ. ನಮ್ಮ ವಂಶದ ಕಸುಬೇ ಅದು."

ಕಾರಿನ ಪೂಜೆಯ ದಿನ ವನಜಾಕ್ಷಮ್ಮ ಅರಿಶಿನದ ಬೆನಕನ ನೆತ್ತಿಗೆ ಗರಿಕೆ ಸಿಕ್ಕಿಸಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುವಷ್ಟರಲ್ಲಿ ಧೋ ಎಂದು ಮಳೆ ಸುರಿಯಿತು. ಇಂಗಲು ಜಾಗವಿಲ್ಲದ ನೀರು ಹೊಸ್ತಿಲು ದಾಟಿತು. ನಾಲ್ಕೂ ನಿಂಬೆಹಣ್ಣು ತೇಲುತ್ತಾ ನಡುಮನೆ ಸೇರಿದವು.

"ಗರಿಕಮ್ಮಾ, ಇನ್ನೊಂದಿಷ್ಟು ಕುಡಿಯೇ! ನನ್ನ ಮಾನ ಹೋಗುತ್ತಿದೆ," ಎಂದು ಕಾಂಕ್ರೀಟು ಅಂಗಲಾಚಿತು.

"ನನ್ನ ಗೇಣು ನೆಲದ ಪಾಲು ಕುಡಿದಾಯಿತು. ಮಿಕ್ಕದ್ದನ್ನು ಕುಡಿಯಬೇಕಾದ ಬಾಯಿಗಳ ಮೇಲೆ ನೀನೇ ಮಲಗಿದ್ದೀಯಲ್ಲ!"

ಮಳೆ ನಿಂತ ಮೇಲೆ ವನಜಾಕ್ಷಮ್ಮ ಸೆರಗು ಸಿಕ್ಕಿಸಿ ಹಾರೆ ತಂದರು. ಎಲ್ಲಿಂದ ಶುರು ಮಾಡಲಿ ಎಂದು ಸುತ್ತ ನೋಡಿದರು. ಗರಿಕೆ ಆಗಲೇ ಕಾಂಕ್ರೀಟಿನ ಕಡೆಗೆ ಕುಡಿಯೊಂದನ್ನು ಚಾಚಿಯಾಗಿತ್ತು.