ಗುಂಡಿ ಹಾಕದ ಕೋಟು

ಒಂದೂರಲ್ಲಿ ಒಬ್ಬ ದರ್ಜಿಯಿದ್ದ. ಹೊಲಿಗೆಯಲ್ಲಿ ಅವನ ಕೈ ಮುಂದು, ಹೊಟ್ಟೆ ಅದಕ್ಕಿಂತ ಮುಂದು. ಅದೇ ಊರಿನ ಸಾಹುಕಾರ ಚನ್ನಮಲ್ಲಪ್ಪನವರಿಗೆ ಅಪರೂಪದ ಉಡುಪು, ಒಡವೆ ಕೂಡಿಡುವ ಹುಚ್ಚು. ಪ್ಯಾರಿಸ್ಸಿನಲ್ಲಿ ಹೊಲಿಸಿದ ಜರಿ ಕೋಟು ವರ್ಷಗಟ್ಟಲೆ ಗಾಜಿನ ಬೀರುವಿನಲ್ಲೇ ತೂಗಾಡಿತ್ತು. ಮಗಳ ನಿಶ್ಚಿತಾರ್ಥಕ್ಕೆಂದು ತೊಟ್ಟರೆ ಗುಂಡಿ ಕೂಡಲೊಲ್ಲದು. "ದಪ್ಪಗಾಗಿದ್ದೀರಿ" ಎಂದ ಅಡುಗೆಯವನ ಕೆಲಸ ಅಲ್ಲೇ ಹೋಯಿತು. ದರ್ಜಿಗೆ ಕರೆ ಬಂತು.

"ಕೋಟು ಕುಗ್ಗಿದೆ, ಸರಿಮಾಡು. ಒಂದು ಹೊಲಿಗೆ ಬಿಚ್ಚಿದೆಯೋ, ನಿನ್ನ ಅಂಗಡಿ ಎತ್ತಿಸ್ತೀನಿ!"

ದರ್ಜಿ ಕೋಟಿನ ಒಳಗೆ ಇಣುಕಿದ. "ತಪ್ಪು ಪ್ಯಾರಿಸ್ಸಿನವನದು ಧಣಿ. ನಾವಾದರೆ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟು ಹೊಲೀತೀವಿ. ಪಾಪ, ಅವನಿಗೆ ನಮ್ಮ ಹೋಳಿಗೆ ಗೊತ್ತಿಲ್ಲ. ಆದರೂ ನಿಮಗೆ ಗುಂಡಿ ಯಾಕೆ? ಹಾಕಿದರೆ ನಿಮ್ಮ ಐದೆಳೆ ಮುತ್ತಿನ ಹಾರ ಯಾರಿಗೆ ಕಾಣುತ್ತೆ? ಹಾರ ಇದ್ದವರು ಕೋಟು ತೆರೆದೇ ಇಡಬೇಕು."

ಸಾಹುಕಾರರು ಹಾರ ಹಾಕಿಕೊಂಡು ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದರು. ಮುಖ ಊರಗಲ ಆಯಿತು. "ಹೌದಲ್ಲವೋ! ಇದು ನನಗೆ ಮೊದಲೇ ಹೊಳೆದಿತ್ತು."

ಸಂಜೆ ಬೀಗರೆಲ್ಲ ಹಾರ ನೋಡಿ ಬಾಯಿ ಬಿಟ್ಟರು. ಹೊಟ್ಟೆಯತ್ತ ಯಾರ ಕಣ್ಣೂ ಹೋಗಲಿಲ್ಲ.

ಊಟದ ಪಂಕ್ತಿಯಲ್ಲಿ ದರ್ಜಿಯೂ ಇದ್ದ. ಮೈಮೇಲೆ ತನ್ನ ಮದುವೆಯ ಕೋಟು. ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಬಿಚ್ಚಿ ಮುಗಿಸಿದ್ದರೂ ಅದರ ಗುಂಡಿಗೂ ಕಾಜಕ್ಕೂ ಗೇಣು ಅಂತರ.

ಸಾಹುಕಾರರು ಎಲ್ಲರಿಗೂ ಕೇಳುವಂತೆ ಗೇಲಿ ಮಾಡಿದರು: "ಏನೋ, ನೀನೂ ಕೋಟು ತೆರೆದು ಕೂತಿದ್ದೀಯಲ್ಲ! ನಿನಗೆಲ್ಲಿಯ ಹಾರವೋ?"

ದರ್ಜಿ ಹೊಟ್ಟೆ ಸವರಿಕೊಂಡು ಹೇಳಿದ: "ಹಾರ ಇಲ್ಲ ಧಣಿ, ಆಹಾರ ಇದೆ!"