ಒದ್ದರೆ ನರ ಗಟ್ಟಿ

ಚೌಡವ್ವನಿಗೆ ಒಬ್ಬನೇ ಮಗ, ಭರಮ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ರೋಗ!

ಮಿದುಳನ್ನು ಪರೀಕ್ಷಿಸುವ ಪ್ರಯೋಗಶಾಲೆಯೊಂದರಲ್ಲಿ ಅವ್ವ ಕಸ ಗುಡಿಸುತ್ತಿದ್ದಳು. ಮೊಣಕಾಲು ಹಿಡಿದುಕೊಂಡು ಹೆಜ್ಜೆ ಎತ್ತಿಡಲಾರದಂತಾದಾಗ, ಅಲ್ಲಿನ ವತ್ಸಲಾ ಮೇಡಂಗೆ ಕೈಮುಗಿದು ಆ ಕೆಲಸಕ್ಕೆ ಮಗನನ್ನು ಸೇರಿಸಿದಳು.

"ನಾಲ್ಕು ದಿನ ನೋಡೋಣ. ಖಾಯಂ ಮಾಡೋದು ದೊಡ್ಡ ಸಾಹೇಬರು" ಎಂದರು ಮೇಡಂ.

"ಬಂದೋರ ತಲೆ ತಂಪಾಗಿರೋ ಹಂಗೆ ನೋಡ್ಕೊಳೋ" ಎಂದು ಅವ್ವ ಕಳಿಸಿದಳು. ಅವತ್ತು ತಲೆಗೆ ತಂತಿ ಅಂಟಿಸಿ ಮಿದುಳಿನ ಕರೆಂಟು ಅಳೆಯುವ ಪರೀಕ್ಷೆ. ಭರಮ ಬಂದವರ ನೆತ್ತಿಗೆಲ್ಲ ಹರಳೆಣ್ಣೆ ತಟ್ಟಿದ! ಅಂಟಿಸಿದ ತಂತಿಯೆಲ್ಲ ಜಾರಿ ಬಿತ್ತು.

"ಅಯ್ಯೋ ಪೆದ್ದ! ಎಣ್ಣೆ ಅಲ್ವೋ, ತಲೇದು ಅಂದ್ರೆ ಸೀಗೆಪುಡಿ ಹಾಕಿ ತೊಳೀಬೇಕು!" ಎಂದು ಸಂಜೆ ಅವ್ವ ಬೈದಳು.

"ಆಗ್ಲಿ ಕಣವ್ವಾ."

ಮರುದಿನ ಗಾಜಿನ ಪಟ್ಟಿಯ ಮೇಲೆ ಮಿದುಳಿನ ತೆಳ್ಳನೆ ಚೂರುಗಳು. ನರಗಳು ಕಾಣಲೆಂದು ಮೇಡಂ ಅವಕ್ಕೆ ನೇರಳೆ ಬಣ್ಣ ಹಾಕಿ ಇಟ್ಟಿದ್ದರು. ಇದೂ ತಲೇದೇ ತಾನೆ? ಭರಮ ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ ತೊಳೆದ. ಬಣ್ಣವೂ ಇಲ್ಲ, ಚೂರೂ ಇಲ್ಲ!

ಚೌಡವ್ವ ಕೂತಲ್ಲಿ ಕೂರಲಾರದೆ ಹಲುಬಿದಳು. "ಅಯ್ಯೋ ಪೆದ್ದ! ಒಳಗಿರೋದು ಕಾಣಬೇಕು ಅಂದ್ರೆ ಬಣ್ಣ ಹಚ್ಚಬೇಕು!"

"ಆಗ್ಲಿ ಕಣವ್ವಾ."

ಮೂರನೇ ದಿನ ಒಬ್ಬ ಮೇಷ್ಟ್ರನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಬೇಕಿತ್ತು. "ಇವರ ತಲೆಯೊಳಗೇನಿದೆ ನೋಡೋಣ" ಎಂದರು ಮೇಡಂ. ಭರಮ ನೇರಳೆ ಬಣ್ಣದ ಸೀಸೆಯನ್ನೇ ಮೇಷ್ಟ್ರ ಬೋಳುತಲೆಗೆ ಸುರಿದ!

"ಅಯ್ಯೋ ಪೆದ್ದ!" ಚೌಡವ್ವ ಬಾಗಿಲಿಗೂ ಒಲೆಗೂ ಕುಂಟಿಕೊಂಡು ತಿರುಗಿದಳು. "ನಾಳೆ ದೊಡ್ಡ ಸಾಹೇಬರು ಬರ್ತಾರಲ್ಲೋ! ತಲೆ ತಂಟೆಗೇ ಹೋಗಬೇಡ. ನನ್ನ ಮೊಣಕಾಲಿಗೆ ಮೇಡಂ ಮಾಡಿದ್ರಲ್ಲ, ರಬ್ಬರ್ ಸುತ್ತಿಗೇಲಿ ಮೆತ್ತಗೆ ತಟ್ಟೋದು, ಅದು ಒಂದು ಬಿಟ್ರೆ ಬೇರೇನೂ ಮುಟ್ಟಬೇಡ. ಕಾಲು ತಾನಾಗೇ ಒದ್ರೆ ನರ ಗಟ್ಟಿ ಅಂತ ಅರ್ಥ."

"ಆಗ್ಲಿ ಕಣವ್ವಾ."

ಮರುದಿನ ಅವ್ವನಿಗೆ ಅನ್ನ ಇಳಿಯಲಿಲ್ಲ. ಕೂತಳು, ಎದ್ದಳು, ಬೀದಿ ನೋಡಿದಳು. ಭರಮ ಕುಣಿಯುತ್ತಾ ಬಂದ, ಕೈಯಲ್ಲಿ ರಬ್ಬರ್ ಸುತ್ತಿಗೆ.

"ಅವ್ವಾ! ಸಾಹೇಬರು ಕುರ್ಚೀಲಿ ಕೂತ್ರು. ಹೋಗಿ ಮೊಣಕಾಲಿಗೆ ತಟ್ಟಿದೆ. ಒದ್ರು! ಇನ್ನೊಂದಕ್ಕೂ ತಟ್ಟಿದೆ. ಅದರಲ್ಲೂ ಒದ್ರು!"

"ಕೆಲ್ಸ ಏನಾಯ್ತೋ?"

"ಆಮೇಲೆ ನಾನು ತಟ್ಟದೇನೇ ಒದ್ರು ಕಣವ್ವಾ, ಗೇಟಿನ ತನಕ! ಅಂಥಾ ನರ ನಾ ಕಂಡಿಲ್ಲ!"

ಚೌಡವ್ವನ ಕಣ್ಣು ಕೆಂಪಾಯಿತು. ಎತ್ತಲಾರದ ಕಾಲನ್ನು ಎತ್ತಿ ಮಗನನ್ನು ಝಾಡಿಸಿ ಒದ್ದಳು.

ಭರಮ ಅಂಗಳಕ್ಕೆ ಹೋಗಿ ಬಿದ್ದ. ಬಿದ್ದಲ್ಲಿಂದಲೇ ಕೇರಿಗೆಲ್ಲ ಕೇಳುವಂತೆ ಕೂಗಿದ: "ಬನ್ರೋ, ನೋಡ್ರೋ! ನಮ್ಮವ್ವನ ಕಾಲು ವಾಸಿಯಾಯ್ತು!"