ಹತ್ತು ಮೊಳದ ದಟ್ಟಿ

“ಗುರುಗಳೇ, ದಟ್ಟಿ ಎಂಬ ಮಾತಿನ ಮೂಲ ಅರ್ಥ ಯಾವುದು?” ಎಂದು ಗುರುಪಾದನೆಂಬ ಶಿಷ್ಯ ಕೇಳಿದ.

ದಟ್ಟಿ ಎಂದರೆ ನಡುವಿಗೆ ಸುತ್ತಿ ಬಿಗಿಯುವ ಉದ್ದನೆಯ ಬಟ್ಟೆ. ಅಷ್ಟು ಗುರುಪಾದನಿಗೂ ಗೊತ್ತಿತ್ತು. ಅವನ ತಕರಾರು ಬೇರೆ. ದಟ್ಟವಾಗಿ ಸುತ್ತುವುದರಿಂದ ದಟ್ಟಿ ಎಂಬ ಹೆಸರು ಬಂತು, ಅದು ಮೊದಲಿಗೆ ವೀರರ ಉಡುಗೆ ಎಂಬುದು ಅವನ ವಾದ. ಅವನ ಕೋಣೆಯಲ್ಲೇ ಇದ್ದು ಓದುತ್ತಿದ್ದ ಅಡವಯ್ಯ ಅದನ್ನು ಒಪ್ಪಿರಲಿಲ್ಲ. ಯಾರು ನಡುವಿಗೆ ಸುತ್ತಿಕೊಂಡರೂ ಅದು ದಟ್ಟಿಯೇ, ವೀರರು ಆಮೇಲೆ ಬಂದರು ಎಂದಿದ್ದ. ಇಬ್ಬರೂ ಮಠದ ಸಭೆಯಲ್ಲಿ ಎದುರುಬದುರು ನಿಂತು ವಾದಿಸಿದ್ದರು. ಗುರುಪಾದ ಪದ್ಯದ ಮೇಲೆ ಪದ್ಯ ಹೇಳಿ, ಕೊನೆಗೆ ಅಡವಯ್ಯನ ತೊದಲು ಮಾತನ್ನು ಅಣಕಿಸಿ ಗೆದ್ದಿದ್ದ. ಸಭೆ ನಕ್ಕಿತ್ತು. ಅಡವಯ್ಯ ಹಾಸಿಗೆ ಸುತ್ತಿಕೊಂಡು ಕೊಟ್ಟಿಗೆಯ ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ. ಅಂದಿನಿಂದ ಪಂಕ್ತಿಯ ಊಟಕ್ಕೂ ಬಂದಿರಲಿಲ್ಲ.

“ಗೆದ್ದೆಯಲ್ಲಪ್ಪ, ಇನ್ನೂ ಏನು ಬೇಕು?” ಎಂದರು ಗುರುಗಳು.

“ತಾವು ಒಂದು ಮಾತು ಹೇಳಿಬಿಟ್ಟರೆ ಗಟ್ಟಿಯಾಗುತ್ತದೆ.”

“ಒಂದು ಮಾತಿನಲ್ಲಿ ಮುಗಿಸುವಷ್ಟು ಜಾಣತನ ನನಗಿಲ್ಲ. ಕತೆ ಹೇಳುತ್ತೇನೆ, ಕೂತುಕೋ.”

ಗುರುಗಳು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಬಿತ್ತನೆಯ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ಹಗೇವು ಎಂದರೆ ನೆಲದೊಳಗೆ ತೋಡಿದ ಕಾಳಿನ ಗುಂಡಿ. ಅದರ ಹೊಟ್ಟೆ ದೊಡ್ಡದು, ಬಾಯಿ ಸಣ್ಣದು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಒಳಗಿನ ಗಾಳಿ ಕೆಟ್ಟಿರುತ್ತದೆ. ಕಲ್ಲು ತೆಗೆದ ಮೇಲೆ ಸಾಕಷ್ಟು ಹೊತ್ತು ಕಾದು, ದಾರ ಕಟ್ಟಿದ ದೀಪವನ್ನು ಒಳಗೆ ಇಳಿಬಿಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಇಳಿಯಬಾರದು. ಆ ಊರಿನ ಮಕ್ಕಳಿಗೂ ಇದು ಗೊತ್ತಿತ್ತು.

ಅಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಹಗೇವಿಗೆ ಮೊದಲು ಇಳಿಯುವವನು ನಡುವಿಗೆ ದಟ್ಟಿ ಬಿಗಿದುಕೊಂಡಿರಬೇಕು. ಮೊದಲ ಬುಟ್ಟಿ ಕಾಳು ಮೇಲೆ ಬಂದು ಪೂಜೆಯಾಗುವ ತನಕ ಅದನ್ನು ಬಿಚ್ಚಬಾರದು. ನಾಲ್ಕು ಜನರ ಎದುರು ದಟ್ಟಿ ಸಡಿಲಿಸಿದವನ ಮಾನ ಅಲ್ಲಿಗೆ ಮುಗಿಯಿತು ಎಂದೇ ಊರು ನಂಬಿತ್ತು.

ಆ ವರ್ಷ ಮೊದಲು ಇಳಿಯುವ ಮರ್ಯಾದೆ ತನಗೇ ಸಲ್ಲಬೇಕೆಂದು ಇಬ್ಬರು ಬಂದರು. ಒಬ್ಬ ರೈತ, ಒಬ್ಬ ಮೂಟೆ ಹೊರುವ ಹಮಾಲ.

ರೈತನ ಅಜ್ಜ ದಂಡಿನಲ್ಲಿದ್ದವನಂತೆ. “ಕತ್ತಿ ಸಿಗಸಾಕಂತನ ಹುಟ್ಟಿದ್ದು ದಟ್ಟಿ. ನಿನ್ನ ನಡದಾಗ ಇರೋದು ಬರೇ ಚಿಂದಿ” ಎಂದ ರೈತ.

“ಕತ್ತಿ ಹಿಡಿಯೂಕಿಂತ ಮೊದ್ಲ ಮನಷ್ಯಾ ಹೊರಿ ಹೊತ್ತಾನ್ರೀ. ಬೆನ್ನ ಮುರೀಬಾರದಂತ ನಡಾ ಬಿಗದಾನ. ದಟ್ಟಿ ನಮ್ದು” ಎಂದ ಹಮಾಲ.

ನೋಡು, ಇಬ್ಬರೂ ನಿನ್ನಂತೆಯೇ ಮೂಲ ಅರ್ಥ ಬಲ್ಲವರು. ಊರು ಎರಡು ಪಾಲಾಯಿತು. ಹಗೇವು ತೆಗೆಯುವ ದಿನ ತಮ್ಮ ಕಡೆಯ ಬಲ ತೋರಿಸಲು ಎರಡೂ ಕಡೆಯ ಗಂಡಸರೆಲ್ಲ ದಟ್ಟಿ ಬಿಗಿದುಕೊಂಡು ಬಂದರು. ದಟ್ಟಿ ಇಲ್ಲದವರು ಹೆಂಡತಿಯ ಸೀರೆ ಹರಿದು ಸುತ್ತಿಕೊಂಡರು. ಹೆಂಡಂದಿರು ಏನೆಂದರೋ, ನನಗೆ ಕತೆ ಹೇಳಿದವರು ಅದನ್ನು ಹೇಳಲಿಲ್ಲ.

ಕಲ್ಲು ತೆಗೆದರು. ಮೊದಲು ಇಳಿಯುವವರು ಯಾರೆಂದು ಹಗೇವಿನ ಬಾಯಲ್ಲೇ ಜಗಳ ಎದ್ದಿತು. ದೀಪ ಅಲ್ಲೇ ಪಕ್ಕದಲ್ಲಿ ಉರಿಯುತ್ತಿತ್ತು. ಅವರು ಇಳಿಬಿಟ್ಟಾರು ಎಂದು ಇವರು, ಇವರು ಇಳಿಬಿಟ್ಟಾರು ಎಂದು ಅವರು, ಅಂತೂ ಯಾರೂ ಇಳಿಬಿಡಲಿಲ್ಲ. ಹಗ್ಗ ತರುವ ಸರದಿ ಯಾರದೆಂಬುದೂ ಮರೆತುಹೋಗಿತ್ತು. ಹಮಾಲನಿಗೆ ರೇಗಿತು. ಅಂಚು ಹಿಡಿದು ಒಳಗೆ ಜಿಗಿದೇಬಿಟ್ಟ.

“ಕಾಳ ಚೊಲೋ ಅದಾವು!” ಎಂದು ಒಳಗಿನಿಂದ ಕೂಗಿದ. ಅವನ ಕಡೆಯವರು ಕೇಕೆ ಹಾಕಿದರು.

ಎರಡನೆಯ ಮಾತು ಬರಲಿಲ್ಲ.

ಯಾರೋ ದೀಪ ಇಳಿಬಿಟ್ಟರು. ಅದು ಅರ್ಧದಲ್ಲೇ ಆರಿತು.

“ಹಗ್ಗ ತರ್ರೀ, ಹಗ್ಗ!” ಎಂದು ರೈತ ಅರಚಿದ. ಹಗ್ಗ ಇದ್ದದ್ದು ಹೊಲದ ಬಾವಿಯ ಹತ್ತಿರ. ಕೆಲವರು ಆ ಕಡೆ ಓಡಿದರು. ಉಳಿದವರು ಹಗೇವಿನ ಸುತ್ತ ನಿಂತು ಹಗ್ಗ, ಹಗ್ಗ ಎಂದು ಬಾಯಿ ಬಡಿದುಕೊಂಡರು. ಒಬ್ಬೊಬ್ಬನ ನಡುವಿನಲ್ಲೂ ಹತ್ತು ಮೊಳ ಬಟ್ಟೆ ಇತ್ತು.

ನಗಬೇಡ ಗುರುಪಾದ. ಅವರು ಕೆಟ್ಟವರಲ್ಲ. ನಾನೇ ಅವನನ್ನು ಕೆಣಕಿದೆ, ನಾನೇ ಕೊಂದೆ ಎಂದು ರೈತ ಹಣೆ ಚಚ್ಚಿಕೊಳ್ಳುತ್ತಿದ್ದ. ಆದರೆ ಅವನಿಗೆ ದಟ್ಟಿ ಎಂದರೆ ಕತ್ತಿ, ಅಜ್ಜ, ಮನೆತನ. ಉಳಿದವರಿಗೆ ಅದು ತಮ್ಮ ಪಕ್ಷ. ಅದು ಬಟ್ಟೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಇದನ್ನು ನೆನೆದಾಗೆಲ್ಲ ನನಗೆ ಭಯವಾಗುತ್ತದೆ.

ಅಷ್ಟರಲ್ಲಿ ಸುದ್ದಿ ಕೇಳಿ ಹಮಾಲನ ಹೆಂಡತಿ ಓಡಿಬಂದಳು. ಒಳಗೆ ಬಗ್ಗಿ ನೋಡಿದಳು. ತಲೆ ಎತ್ತಿದಾಗ ಅವಳ ಕಣ್ಣೆದುರು ಇದ್ದದ್ದು ರೈತನ ನಡು.

“ಯಪ್ಪಾ, ನಿಮ್ಮ ನಡದಾಗ ಏನ್ರೀ ಅದು?”

“ದಟ್ಟಿ” ಎಂದ ರೈತ.

“ಹತ್ತು ಮೊಳ ಅರಿವಿ ಐತ್ರೀ ಅದು. ಬಿಚ್ಚರಿ!”

ರೈತ ತನ್ನ ನಡುವನ್ನು ತಾನೇ ಮೊದಲ ಸಲ ನೋಡಿದವನ ಹಾಗೆ ನೋಡಿಕೊಂಡ. ಬಿಚ್ಚಿದ. ಅವನು ಬಿಚ್ಚಿದ್ದೇ ತಡ, ಎರಡೂ ಕಡೆಯವರು ಬಿಚ್ಚಿದರು. ಮಾನದ ಮಾತನ್ನು ಯಾರೂ ಎತ್ತಲಿಲ್ಲ. ಅದಕ್ಕೆ ಇದು, ಇದಕ್ಕೆ ಅದು ಗಂಟುಹಾಕಿ ಎರಡು ಉದ್ದನೆಯ ಎಳೆ ಮಾಡಿದರು. ಒಂದನ್ನು ರೈತ ತನ್ನ ಕಂಕುಳ ಕೆಳಗೆ ಬಿಗಿಸಿಕೊಂಡ. ಇನ್ನೊಂದರ ತುದಿಗೆ ಇದ್ದದ್ದು ಅವನದೇ ದಟ್ಟಿ. ಅದನ್ನು ಕೈಯಲ್ಲಿ ಹಿಡಿದ. ಎದೆತುಂಬ ಉಸಿರು ತುಂಬಿಕೊಂಡು ಇಳಿದ.

ಹಮಾಲ ಜೋಳದ ಮೇಲೆ ಬೋರಲಾಗಿ ಬಿದ್ದಿದ್ದ. ಅವನ ನಡುವಿನಲ್ಲಿ ಅವನ ದಟ್ಟಿ ಬಿಗಿಯಾಗಿಯೇ ಇತ್ತು. ರೈತ ಚಿಂದಿ ಎಂದು ಹಳಿದಿದ್ದನಲ್ಲ, ಅದೇ ದಟ್ಟಿ. ರೈತ ಅದರೊಳಗೆ ತನ್ನ ದಟ್ಟಿಯ ತುದಿ ತೂರಿಸಿ ಗಂಟುಹಾಕಿ ಜಗ್ಗಿದ. ಮೇಲಿನವರು ಮೊದಲು ಹಮಾಲನನ್ನು ಎಳೆದರು, ಆಮೇಲೆ ರೈತನನ್ನು. ರೈತ ಮೇಲೆ ಬಂದಾಗ ಅವನ ತುಟಿ ನೀಲಿಯಾಗಿತ್ತು.

ಹಮಾಲನನ್ನು ಗಾಳಿಗೆ ಮಲಗಿಸಿದರು. ಹೆಂಡತಿ ಅವನ ಎದೆ ತಿಕ್ಕಿದಳು, ಹೆಸರು ಹಿಡಿದು ಕರೆದಳು. ಗಂಡನ ಹೆಸರನ್ನು ಅವಳು ಅಲ್ಲಿಯವರೆಗೆ ನಾಲಿಗೆಯ ಮೇಲೆ ತಂದವಳೇ ಅಲ್ಲ. ಬಹಳ ಹೊತ್ತಿನ ಮೇಲೆ ಅವನು ಕೆಮ್ಮಿದ. ಕಣ್ಣು ಬಿಟ್ಟಾಗ, ಜಾರುತ್ತಿದ್ದ ಧೋತರವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದ ರೈತ ಕಂಡ.

“ನಿಮ್ಮ ದಟ್ಟಿ ಎಲ್ರೀ?”

“ನಿನ್ನ ನಡದಾಗ ಐತಿ ನೋಡೋ” ಎಂದ ರೈತ. ಹೇಳಿ ಗಳಗಳ ಅತ್ತುಬಿಟ್ಟ.

ಆ ಗಂಟುಗಳನ್ನು ಬಿಚ್ಚಲು ಆಮೇಲೆ ನೋಡಿದರು. ಭಾರಕ್ಕೆ ಬಿಗಿದು ಕಲ್ಲಾಗಿದ್ದವು. ಯಾವುದು ಯಾರದೆಂದು ಗುರುತೂ ಸಿಗಲಿಲ್ಲ. ಹಾಗೆಯೇ ಸುರುಳಿ ಸುತ್ತಿ ಹಗೇವಿನ ಪಕ್ಕದ ಗೂಟಕ್ಕೆ ತೂಗುಹಾಕಿದರು. ಆ ವರ್ಷ ಬಿತ್ತನೆ ಹದಕ್ಕೆ ಸರಿಯಾಗಿ ಆಯಿತು. ಮುಂದಿನ ವರ್ಷ ದೀಪ ಇಳಿಬಿಟ್ಟವನು ಹಮಾಲ, ಅವನ ಪಕ್ಕದಲ್ಲಿ ಸುರುಳಿ ಹಿಡಿದು ನಿಂತವನು ರೈತ. ಈಗ ಆ ಊರಿಗೆ ಹೋಗಿ ದಟ್ಟಿ ಎಂದರೇನು ಎಂದು ಮಕ್ಕಳನ್ನು ಕೇಳಿದರೆ, ಗೂಟದ ಕಡೆ ಕೈ ಮಾಡಿ, ಒಳಗೆ ಬಿದ್ದವರನ್ನು ಮೇಲೆ ತರುವುದು ಎನ್ನುತ್ತವೆ.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದನಿಗೆ ಕತೆ ಹಿಡಿಸಿತ್ತು. ಆದರೂ ಕಮ್ಮಾರನ ತಿದಿಯೊಳಗಿನ ಗಾಳಿಯಂತೆ ಪ್ರಶ್ನೆ ಇನ್ನೂ ಒಳಗೆ ಉಳಿದಿತ್ತು.

“ಮಕ್ಕಳು ಹೇಳುವುದು ಈಚಿನ ಅರ್ಥವಾಯಿತು ಗುರುಗಳೇ. ಮೂಲದಲ್ಲಿ ರೈತ ಹೇಳಿದ್ದು ಸರಿಯೋ, ಹಮಾಲ ಹೇಳಿದ್ದೋ?”

ಊಟದ ಗಂಟೆ ಹೊಡೆಯಿತು. ಗುರುಗಳು ಏಳಲಿಲ್ಲ. ಕೊಟ್ಟಿಗೆಯ ಪಕ್ಕದ ಮುಚ್ಚಿದ ಬಾಗಿಲನ್ನು ನೋಡಿದರು.

“ಅಡವಯ್ಯ ಹಗೇವಿನಲ್ಲಿದ್ದಾನೆ, ನೀನಿನ್ನೂ ಹಗ್ಗ ಕೇಳುತ್ತಾ ಕೂತಿದ್ದೀಯೆ.”